ಅಜ್ಜನ ಟ್ರಂಕಲ್ಲಿ ಸಿಕ್ಕ ಇಂಕ್ ಪೆನ್ನು: ಪಾರ್ಕರ್ರೋ ಹೀರೋನೋ? ರಿಪೇರಿ ಆಗತ್ತಾ?

ಅಡಿಕೆಸಿಪ್ಪೆ:

ಎಲ್ರಿಗೂ ನಮಸ್ಕಾರ. ಪೆನ್ನಿನ ವಿಷ್ಯದಲ್ಲಿ ನಾನು ಶುದ್ಧ ಶೂನ್ಯ, ಗೊತ್ತಿರೋರು ದಾರಿ ತೋರಿಸಿ. ಹೋದ ವಾರ ಊರಿಗೆ (ಸಿದ್ದಾಪುರದ ಹತ್ರ) ಹೋಗಿದ್ದೆ, ಮಳೆಗಾಲಕ್ಕೆ ಮುಂಚೆ ಅಟ್ಟ ಖಾಲಿ ಮಾಡ್ಬೇಕು ಅಂತ ಅಮ್ಮ ಹಿಡಿದು ಕೂರಿಸಿದ್ರು, ಅಲ್ಲಿ ಅಜ್ಜನ ಕಬ್ಬಿಣದ ಟ್ರಂಕು ಸಿಕ್ತು. ಒಳಗೆ ಅಡಿಕೆ ಮಂಡಿ ಲೆಕ್ಕದ ಪುಸ್ತಕ, ಅಜ್ಜ ಕೈಯಲ್ಲೇ ನಕಲು ಮಾಡ್ಕೊಂಡ ಯಕ್ಷಗಾನದ ಪದ್ಯಗಳು, ಒಂದು ಕನ್ನಡಕದ ಡಬ್ಬಿ. ಡಬ್ಬಿ ತೆಗೆದ್ರೆ ಕನ್ನಡಕ ಇಲ್ಲ, ಈ ಪೆನ್ನು.

ನೋಡಕ್ಕೆ ಹೀಗಿದೆ. ನಿಬ್ಬು ಪೂರ್ತಿ ಕಾಣಲ್ಲ, ತುದಿ ಮಾತ್ರ ಹಕ್ಕಿ ಕೊಕ್ಕಿನ ಹಾಗೆ ಹೊರಗೆ ಬಂದಿದೆ. ಕ್ಯಾಪು ಸ್ಟೀಲಿನದು, ಮಂಕಾಗಿದೆ (ಅಮ್ಮ ಆಗ್ಲೇ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದಾರೆ, ಬೈಬೇಡಿ), ಕ್ಲಿಪ್ಪು ಬಾಣದ ಆಕಾರ, ಬಾಣದ ಮೇಲ್ಗಡೆ ಒಂದು ಚಿಕ್ಕ ವಜ್ರದಾಕಾರದ ಗುಳಿ ಇದೆ. ಮೈ ಬಣ್ಣ ಮನೆ ಒಳಗೆ ನೋಡಿದ್ರೆ ಕಪ್ಪು, ಅಂಗಳಕ್ಕೆ ತಂದ್ರೆ ಗಟ್ಟಿ ಚೊಗರಿನ (ಅಡಿಕೆ ಬೇಯಿಸಿದ ರಸ) ಬಣ್ಣ. ಬ್ಯಾರೆಲ್ ಮೇಲೆ ಏನೋ ಅಕ್ಷರ ಇದೆ, ತುಂಬ ಸವೆದಿದೆ, 51 ಅಂತ ಕಂಡ ಹಾಗಾಗತ್ತೆ, ಅದರ ಪಕ್ಕ 6 ಅಥವಾ 8. ಹಿಂದಿನ ತುದಿಯಲ್ಲಿ ಹಲ್ಲಿನ ಗುರ್ತು, ಅಜ್ಜ ಲೆಕ್ಕ ತಾಳೆ ಆಗ್ದಿದ್ರೆ ಪೆನ್ನು ಕಚ್ತಿದ್ರಂತೆ.

ಅಜ್ಜ ತೀರಿಕೊಂಡಿದ್ದು 1987ರಲ್ಲಿ, ಅಲ್ಲಿಂದ ಯಾರೂ ಮುಟ್ಟಿಲ್ಲ. ಬೊಂಬಾಯಲ್ಲಿದ್ದ ಅಜ್ಜನ ಭಾವ ತಂದುಕೊಟ್ಟಿದ್ದು ಅಂತ ಅಮ್ಮ ಹೇಳ್ತಾರೆ, ಮಾವ ಮಾತ್ರ ಇದು ಚೀನಾದ ಹೀರೋ ಪೆನ್ನು, ನಾವೆಲ್ಲ ಕಾಲೇಜಲ್ಲಿ ಇದನ್ನೇ ಇಟ್ಕೊಂಡಿದ್ವಿ ಅಂತಾರೆ. ಪೇಟೆಲಿ ಒಂದು ಅಂಗಡಿಗೆ ತೋರಿಸಿದೆ. ಅವ್ರು ಕುದಿಯೋ ನೀರಲ್ಲಿ ಅದ್ದಿ ಬಿಚ್ಚಿ, ಸ್ಪಿರಿಟ್ ಹಾಕಿ ತೊಳೆದು ಹೊಸ ಟ್ಯೂಬ್ ಹಾಕ್ಕೊಡ್ತೀನಿ ಅಂದ್ರು, ನಂಗ್ಯಾಕೋ ಧೈರ್ಯ ಬರ್ಲಿಲ್ಲ, ವಾಪಸ್ ತಂದೆ. ಇದು ಏನು, ಮತ್ತೆ ಬರೆಯೋ ಹಾಗೆ ಮಾಡ್ಬೋದಾ? ಮಾರೋ ಯೋಚನೆ ಇಲ್ಲ.

ಕುಡ್ಲದಕಾಗೆ:

ಹೀರೋವೇ ಮಾರಾಯ್ರೆ, ಸಂಶಯವೇ ಬೇಡ. ನನ್ನ ಹತ್ರ ಇಂಥದ್ದು ಎರಡು ಉಂಟು, ಅದೇ ಬಾಣದ ಕ್ಲಿಪ್ಪು, ಅದೇ ಮುಚ್ಚಿದ ನಿಬ್ಬು. ಆ ಕಾಲದಲ್ಲಿ ಗಲ್ಫಿಂದ ಬಂದವರೆಲ್ಲ ಡಜನ್‌ಗಟ್ಟಲೆ ತಂದು ಹಂಚುತ್ತಿದ್ದದ್ದು. ಬಿಸಿನೀರಲ್ಲಿ ತೊಳೆದು ಇಂಕ್ ಹಾಕಿ, ಬರೀತದೆ.

ಪೇಢಾನಗರಿ:

ನಮಸ್ಕಾರ್ರಿ. ಒಳಗ ಕರಿ, ಬಿಸಲಾಗ ಕಂದು ಅಂದ್ರಲ್ಲ, ನನಗ್ಯಾಕೋ ಅದು ಎಬೊನೈಟ್ ಇರಬೇಕು ಅನಸ್ತದ. ಎಬೊನೈಟ್ ಅಂದ್ರ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರ್ರಿ, ಬೆಳಕು ನೀರು ತಗಲಿ ವರ್ಷಾನುಗಟ್ಟಲೆ ಆದ್ಮ್ಯಾಲೆ ಕರಿ ಹೋಗಿ ಕಂದು ಆಗತದ. ನಮ್ಮಪ್ಪಾರ ಹತ್ರ ರಾಜಮಹೇಂದ್ರಿ ರತ್ನಂ ಪೆನ್ನು ಇತ್ತು, ಲೇತಿನ ಮ್ಯಾಲೆ ಕೈಲೇ ಕಡದು ಮಾಡಿದ್ದು. ಗಾಂಧಿಯವರು ಹೇಳಿದ್ರು ಅಂತ ಸ್ವದೇಶಿ ಪೆನ್ನು ಮಾಡಾಕ ಶುರು ಮಾಡಿದ ಮನಿತನ ಅದು. ಹೆಬ್ಬೆರಳಿಂದ ಬಿಸಿ ಆಗೂಮಟ ತಿಕ್ಕಿ ಮೂಸಿ ನೋಡ್ರಿ, ಗಂಧಕದ ವಾಸನಿ ಬಂತಂದ್ರ ಎಬೊನೈಟ್. ಬಂದ್ರ ಮಾತ್ರ ನೀರಾಗ ನೆನಿ ಹಾಕಬ್ಯಾಡ್ರಿ ಮತ್ತ, ಒಂದ ರಾತ್ರಿಯೊಳಗ ಬಣ್ಣ ಕೆಡತದ.

ಶಾಯಿಬುಡ್ಡಿ:

ಪೇಢಾನಗರಿ ಸರ್ ಹೇಳಿದ ಮೂಸೋ ಪರೀಕ್ಷೆ ಒಳ್ಳೇದು, ಮಾಡಿ. ಆದ್ರೆ ವಾಸನೆ ಬರಲ್ಲ ಅಂತ ನನ್ನ ಅಂದಾಜು. ನಿಬ್ಬು ಹೀಗೆ ಮುಚ್ಚಿರೋದು, ಬಾಣದ ಕ್ಲಿಪ್ಪು, ಅದರ ಮೇಲೆ ವಜ್ರದ ಗುಳಿ, 51 ಅನ್ನೋ ಅಕ್ಷರ, ಇಷ್ಟು ಒಟ್ಟಿಗೆ ಇದ್ರೆ ಪಾರ್ಕರ್ 51 ಆಗಿರೋ ಸಾಧ್ಯತೆನೇ ಜಾಸ್ತಿ. ಆ ಗುಳಿಯಲ್ಲಿ ಮೊದಲು ನೀಲಿ ಬಣ್ಣ ತುಂಬಿರ್ತಿತ್ತು, ಅದನ್ನ ಬ್ಲೂ ಡೈಮಂಡ್ ಅಂತಾರೆ, ಜೀವಮಾನದ ಗ್ಯಾರಂಟಿ ಗುರುತು ಅದು. ನಲವತ್ತರ ದಶಕ ಮುಗಿಯೋ ಮುಂಚೆನೇ ನಿಲ್ಲಿಸಿದ್ರು. ಮಾವನವರ ಕಾಲೇಜು ದಿನಗಳ ಹೀರೋದಲ್ಲಿ ಅದು ಎಲ್ಲಿಂದ ಬರತ್ತೆ?

ಹೀರೋ 616 ಅನ್ನೋದು ಶಾಂಘೈನವರು ಇದನ್ನ ನೋಡ್ಕೊಂಡೇ ಮಾಡಿದ್ದು, ಹಾಗಾಗಿ ಕುಡ್ಲದಕಾಗೆ ಅವರಿಗೆ ಒಂದೇ ಥರ ಕಂಡಿದ್ದು ತಪ್ಪೇನಲ್ಲ. ವ್ಯತ್ಯಾಸ ಹಿಡಿಯೋಕೆ ಸುಲಭದ ದಾರಿ ಅಂದ್ರೆ ಇಂಕು ತುಂಬೋದು ಹೇಗೆ ಅಂತ ನೋಡೋದು. ಹೀರೋದಲ್ಲಿ ಬ್ಯಾರೆಲ್ ತಿರುಗಿಸಿ ಬಿಚ್ಚಿದ್ರೆ ಒಳಗೆ ಒತ್ತೋ ಟ್ಯೂಬು, ಅದರ ಮೇಲೆ ತಗಡಿನ ಕವಚ. ಪಾರ್ಕರ್ 51ರಲ್ಲೂ 1948ರ ಆಮೇಲೆ ಬಂದಿದ್ದು ಸುಮಾರು ಹಾಗೇನೇ, ಅದಕ್ಕೆ ಏರೋಮೆಟ್ರಿಕ್ ಅಂತ ಹೆಸರು. ಆದ್ರೆ 1941ರಿಂದ 48ರವರೆಗೆ ಬಂದಿದ್ದು ಬೇರೆನೇ, ಅದರ ಬ್ಯಾರೆಲ್ ಒಳಗೆ ಟ್ಯೂಬೇ ಇಲ್ಲ. ಹಿಂದಿನ ತುದಿಯಲ್ಲಿ ಒಂದು ಸಣ್ಣ ಟೋಪಿ ಬಿಚ್ಚಿಕೊಳ್ಳತ್ತೆ, ಅದರಡಿ ಒತ್ತೋ ಕಡ್ಡಿ ಇರತ್ತೆ. ವ್ಯಾಕ್ಯುಮ್ಯಾಟಿಕ್ ಅಂತಾರೆ.

ನಿಮ್ಮದ್ರಲ್ಲಿ ಹಲ್ಲಿನ ಗುರುತಿರೋ ಆ ಹಿಂದಿನ ತುದಿ ತಿರುಗತ್ತಾ ನೋಡಿ. ಬೆರಳಲ್ಲೇ, ಇಕ್ಕಳ ಹಿಡೀಬೇಡಿ. ತಿರುಗಿ ಬಂದು ಒಳಗೆ ಕಡ್ಡಿ ಕಂಡ್ರೆ ಅದನ್ನ ಒತ್ತೋಕೆ ಹೋಗ್ಬೇಡಿ, ನನಗೆ ಹೇಳಿ. ಮತ್ತೆ ಆ ಅಕ್ಷರದ ಮೇಲೆ ಟಾರ್ಚ್ ಬೆಳಕು ಅಡ್ಡಲಾಗಿ ಬಿಟ್ಟು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, 6 ಅಥವಾ 8ರ ಅಕ್ಕಪಕ್ಕ ಚುಕ್ಕಿ ಎಷ್ಟಿವೆ ಅಂತ ಎಣಿಸಿ.

ಅಡಿಕೆಸಿಪ್ಪೆ:

ಶಾಯಿಬುಡ್ಡಿ ಅವ್ರೇ, ನೀವು ಹೇಳಿದ್ದೆಲ್ಲ ಮಾಡ್ದೆ. ತಿಕ್ಕಿ ತಿಕ್ಕಿ ಮೂಸಿದೆ, ಹುಣಸೆಹಣ್ಣಿನ ವಾಸನೆ ಬಿಟ್ರೆ ಏನೂ ಬರ್ಲಿಲ್ಲ. ಹಿಂದಿನ ತುದಿ ಮೊದಲು ಅಲುಗಾಡ್ಲೇ ಇಲ್ಲ, ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡ್ಕೊಂಡು ಬೆಚ್ಚಗೆ ಮಾಡಿ ತಿರುಗಿಸಿದ್ಮೇಲೆ ಕರ್ ಅಂತ ಬಂತು. ಒಳಗೆ ಪ್ಲಾಸ್ಟಿಕ್ ಕಡ್ಡಿ ಇದೆ, ಒಣಗಿದ ನೀಲಿ ಪುಡಿ ಉದುರ್ತು. ಒತ್ತಿಲ್ಲ (ಒತ್ಬೇಡಿ ಅಂದಿದ್ದಕ್ಕೆ ಒತ್ಲೇಬೇಕು ಅನ್ನಿಸ್ತಿದೆ, ಆದ್ರೂ ಒತ್ತಿಲ್ಲ).

ಅಕ್ಷರ ಸ್ಪಷ್ಟ ಆಯ್ತು. ಪಾರ್ಕರ್ 51, ಮೇಡ್ ಇನ್ ಯು.ಎಸ್.ಎ., ಆಮೇಲೆ 6, ಜೊತೆಗೆ ಎರಡು ಚುಕ್ಕಿ. ಮಾವನಿಗೆ ಫೋಟೋ ಕಳಿಸ್ದೆ, ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಕುಡ್ಲದಕಾಗೆ:

ಓಹೋ. ಹಾಗಾದ್ರೆ ನನ್ನ ಎರಡನ್ನೂ ಒಮ್ಮೆ ನೋಡಿ ಬರುತ್ತೇನೆ.

ನೋಡಿದೆ. ಹೀರೋವೇ.

ಶಾಯಿಬುಡ್ಡಿ:

:) ಅಡಿಕೆಸಿಪ್ಪೆ ಅವ್ರೇ, ಅಭಿನಂದನೆ. ನಿಮ್ಮ ಪೆನ್ನು 1946ರ ಎರಡನೇ ತ್ರೈಮಾಸಿಕದ್ದು, ಅಂದ್ರೆ ಏಪ್ರಿಲ್‌ನಿಂದ ಜೂನ್ ಒಳಗೆ ಅಮೆರಿಕದ ಜೇನ್ಸ್‌ವಿಲ್‌ನಲ್ಲಿ ತಯಾರಾಗಿದ್ದು. ಲೆಕ್ಕ ಸುಲಭ. ಅಂಕೆ ಇಸವಿಯ ಕೊನೆ ಅಂಕೆ, ಚುಕ್ಕಿ ತ್ರೈಮಾಸಿಕ. ಮೂರು ಚುಕ್ಕಿ ಇದ್ರೆ ಜನವರಿಯಿಂದ ಮಾರ್ಚ್, ಎರಡಿದ್ರೆ ಎರಡನೇದು, ಒಂದಿದ್ರೆ ಮೂರನೇದು, ಏನೂ ಇಲ್ಲದಿದ್ರೆ ವರ್ಷದ ಕೊನೆ. ಉಲ್ಟಾ ಯಾಕೆ ಅಂದ್ರೆ ಅಚ್ಚಿನ ಮೊಳೆಯಲ್ಲಿ ಚುಕ್ಕಿ ಹೊಸದಾಗಿ ಸೇರಿಸೋದು ಕಷ್ಟ, ಇರೋದನ್ನ ಉಜ್ಜಿ ತೆಗೆಯೋದು ಸುಲಭ, ಮೂರು ತಿಂಗಳಿಗೊಂದು ಉಜ್ಜಿಬಿಡ್ತಿದ್ರು. ಹಾಗಾದ್ರೆ 6 ಅಂದ್ರೆ 1956 ಯಾಕಾಗಬಾರದು ಅಂತ ಕೇಳ್ತೀರಿ. ಕಡ್ಡಿ ಒತ್ತೋ ಮಾದರಿ 48ಕ್ಕೇ ಮುಗೀತಲ್ಲ, ಅದಕ್ಕೆ 46 ಬಿಟ್ಟು ಬೇರೆ ಆಗೋ ಹಾಗಿಲ್ಲ.

ಬಣ್ಣದ ಹೆಸರು ಬಹುಶಃ ಕಾರ್ಡೋವನ್ ಬ್ರೌನ್. ಕಂಪನಿಯ ಕಪ್ಪು ಬಣ್ಣದ ಹೆಸರು ಇಂಡಿಯಾ ಬ್ಲ್ಯಾಕ್, ಆದ್ರೆ ಇಂಡಿಯಾಕ್ಕೆ ಬಂದಿದ್ದು ಬ್ರೌನು. ಚೊಗರಿನ ಬಣ್ಣ ಅಂತ ನೀವು ಹೇಳಿದ್ದೇ ಕಂಪನಿಯವರದ್ದಕ್ಕಿಂತ ಚೆನ್ನಾಗಿದೆ. 51 ಅನ್ನೋ ಹೆಸರು ಎಲ್ಲಿಂದ ಅಂತ ಮಾವ ಕೇಳಿದ್ರೆ, ಪಾರ್ಕರ್ ಕಂಪನಿ ಶುರುವಾಗಿದ್ದು 1888ರಲ್ಲಿ, ಈ ಪೆನ್ನಿನ ಕೆಲಸ ಮುಗಿದಿದ್ದು 1939ರಲ್ಲಿ, ಐವತ್ತೊಂದನೇ ವರ್ಷ. ಮಾರಾಟಕ್ಕೆ ಬಂದಿದ್ದು 1941ರಲ್ಲಿ, ಸ್ಟೀಲ್ ಕ್ಯಾಪಿಂದಕ್ಕೆ ಹನ್ನೆರಡೂವರೆ ಡಾಲರ್. ಆಗ ಡಾಲರಿಗೆ ಮೂರೂಕಾಲು ರೂಪಾಯಿ ಹತ್ರ ಇತ್ತು, ಅಂದ್ರೆ ನಲವತ್ತು ರೂಪಾಯಿ ಚಿಲ್ಲರೆ. ಆ ಕಾಲದ ನಲವತ್ತು ರೂಪಾಯಿ! ಬೊಂಬಾಯಿ ಭಾವನಿಗೆ ನಿಮ್ಮಜ್ಜನ ಮೇಲೆ ಪ್ರೀತಿ ಇತ್ತು, ಇಲ್ಲಾ ಸಾಲ ಇತ್ತು.

ಈಗ ಮುಖ್ಯ ವಿಷಯ. ಆ ಅಂಗಡಿಯಿಂದ ವಾಪಸ್ ತಂದ್ರಲ್ಲ, ಅದೇ ನೀವು ಮಾಡಿದ ದೊಡ್ಡ ರಿಪೇರಿ. ಈ ಪೆನ್ನಿನ ಮೈ ಲ್ಯೂಸೈಟ್, ಅಂದ್ರೆ ಅಕ್ರಿಲಿಕ್. ನೀರಿಗೆ ಏನೂ ಆಗಲ್ಲ, ಇಂಕಿಗೆ ಏನೂ ಆಗಲ್ಲ, ಸ್ಪಿರಿಟ್ ಬಿದ್ರೆ ಮಾತ್ರ ಒಳಗಿಂದ ಕೂದಲೆಳೆ ಥರ ಬಿರುಕು ಬಿಡತ್ತೆ, ಒಂದ್ಸಲ ಬಿಟ್ರೆ ಮುಗೀತು. ಕುದಿಯೋ ನೀರೂ ಬೇಡ, ಆ ಬಿಸಿಗೆ ಸೊಟ್ಟಗಾಗತ್ತೆ. ಹೊಸ ಟ್ಯೂಬ್ ಹಾಕ್ತೀನಿ ಅಂದ್ರಲ್ಲ, ಟ್ಯೂಬೇ ಇಲ್ಲದ ಪೆನ್ನಿಗೆ ಟ್ಯೂಬ್ ಹಾಕೋಕೆ ಏನನ್ನ ಕಿತ್ತುಹಾಕ್ತಿದ್ರೋ ದೇವ್ರೇ ಬಲ್ಲ.

ಕಡ್ಡಿ ಯಾಕೆ ಒತ್ಬಾರ್ದು ಅಂದೆ ಅಂದ್ರೆ, ಬ್ಯಾರೆಲ್ ಒಳಗೆ ಕಡ್ಡಿ ತುದಿಗೆ ರಬ್ಬರಿನ ಒಂದು ಪೊರೆ ಕಟ್ಟಿರತ್ತೆ, ಬಲೂನಿನ ಬಾಯಿ ಕತ್ತರಿಸಿದ ಹಾಗಿರತ್ತೆ. ಡಯಾಫ್ರಮ್ ಅಂತಾರೆ. ಕಡ್ಡಿ ಒತ್ತಿದಾಗ ಆ ಪೊರೆ ಮುಂದೆ ಹೋಗಿ ಗಾಳಿ ಹೊರಗೆ ತಳ್ಳತ್ತೆ, ಬಿಟ್ಟಾಗ ಸ್ಪ್ರಿಂಗು ಹಿಂದಕ್ಕೆ ಎಳೆದು ಇಂಕು ಒಳಗೆ ಬರತ್ತೆ. ಬ್ಯಾರೆಲ್ ಮಧ್ಯದಲ್ಲಿ ಉದ್ದಕ್ಕೆ ಒಂದು ಸಣ್ಣ ನಳಿಗೆ ಇದೆ, ಇಂಕು ಅದರಲ್ಲೇ ಹತ್ತಿ ಮೇಲಿಂದ ಬೀಳತ್ತೆ, ಮತ್ತೆ ಒತ್ತಿದ್ರೆ ಬಿದ್ದ ಇಂಕು ಅಲ್ಲೇ ಇದ್ದು ಗಾಳಿ ಮಾತ್ರ ಹೊರಗೆ ಹೋಗತ್ತೆ, ಹೀಗೆ ಎಂಟ್ಹತ್ತು ಸಲ ಒತ್ತಿದ್ರೆ ಬ್ಯಾರೆಲ್ಲೇ ತುಂಬತ್ತೆ. ನಿಮ್ಮದ್ರಲ್ಲಿ ಆ ರಬ್ಬರು ಒಣಗಿ ಕಲ್ಲಾಗಿರತ್ತೆ, ಇಲ್ಲಾ ಕರಗಿ ಅಂಟಿರತ್ತೆ. ಬಲವಂತ ಮಾಡಿದ್ರೆ ಪ್ಲಾಸ್ಟಿಕ್ ಕಡ್ಡಿ ಮುರಿಯತ್ತೆ, ಅದು ಸಿಗೋದು ಕಷ್ಟ.

ನೀವು ಮನೇಲಿ ಮಾಡ್ಬೋದಾದ್ದು ಇಷ್ಟೇ: ಒಂದು ಲೋಟದಲ್ಲಿ ತಣ್ಣೀರು, ನಿಬ್ಬಿನ ಕಡೆ ಕೆಳಗೆ ಮಾಡಿ ಮಧ್ಯದ ಉಂಗುರದವರೆಗೆ ಮಾತ್ರ ನೆನೆಹಾಕಿ. ನೀರು ನೀಲಿ ಆದ ಹಾಗೆ ಬದಲಾಯಿಸ್ತಾ ಇರಿ, ಎರಡು ದಿನವೋ ಒಂದು ವಾರವೋ. ಅವಸರ ಬೇಡ.

ಹಳೇಬೇರು:

ಇಷ್ಟೆಲ್ಲ ಯಾಕೆ ಸಾರ್, ಹಿಂದಿನ ತುದಿಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ, ತುಕ್ಕು ಹಿಡಿದ ಬೀಗಾನೇ ಬಿಡತ್ತೆ ಇದು ಬಿಡಲ್ವಾ. ಬಿಡದಿದ್ರೆ ಬೆಂಕಿಕಡ್ಡಿ ಗೀರಿ ಬ್ಯಾರೆಲ್ಲಿಗೆ ಸ್ವಲ್ಪ ಶಾಖ ಕೊಡಿ. ನಮ್ಮ ತಾತ ಹಂಗೇ ಮಾಡ್ತಿದ್ರು.

ಶಾಯಿಬುಡ್ಡಿ:

ಬೇಡ ಸಾರ್, ದಯವಿಟ್ಟು ಎರಡೂ ಬೇಡ. ಎಣ್ಣೆ ರಬ್ಬರಿಗೆ ಶತ್ರು, ಹೊಸ ಪೊರೆ ಹಾಕಿದ್ರೂ ಒಳಗೆ ಉಳಿದ ಎಣ್ಣೆ ಅದನ್ನ ತಿನ್ನತ್ತೆ. ವ್ಯಾಸಲೀನೂ ಅದೇ ಕಥೆ. ಥ್ರೆಡ್ಡಿಗೆ ಏನಾದ್ರೂ ಹಚ್ಚಲೇಬೇಕು ಅಂದ್ರೆ ಸಿಲಿಕೋನ್ ಗ್ರೀಸು, ಸಾಸಿವೆ ಕಾಳಷ್ಟು.

ಬೆಂಕಿ ವಿಷಯ ಗಂಭೀರವಾಗಿ ಹೇಳ್ತೀನಿ, ಇದನ್ನ ಓದೋರೆಲ್ಲರ ಹತ್ರ 51 ಇರಲ್ಲ. ಆ ಕಾಲದ ಎಷ್ಟೋ ಪಟ್ಟೆ ಪಟ್ಟೆ ಬಣ್ಣದ ಪೆನ್ನುಗಳು ಸೆಲ್ಯುಲಾಯ್ಡ್. ಹಳೇ ಸಿನಿಮಾ ರೀಲು ಹೇಗೆ ಹೊತ್ಕೊಳ್ತಿತ್ತೋ ಹಾಗೇ ಹೊತ್ಕೊಳ್ಳತ್ತೆ. ತಾತನವರು ಪುಣ್ಯವಂತರು.

ಮಸಿಕೈ:

ಸ್ಪಿರಿಟ್ ಬಗ್ಗೆ ನಾನೂ ಒಂದು ಹೇಳ್ಬಿಡ್ತೀನಿ, ಹೊಟ್ಟೆ ಉರಿ ಇನ್ನೂ ಆರಿಲ್ಲ. ನಮ್ಮತ್ತೆದು ಇದೇ 51, ಬೂದು ಬಣ್ಣದ್ದು, ಪಾರಿವಾಳದ ಹೊಟ್ಟೆ ಥರ ಎಷ್ಟು ಚೆನ್ನಾಗಿತ್ತು ಗೊತ್ತಾ. ಮೈಸೂರಲ್ಲಿ ಒಬ್ಬರ ಹತ್ರ ಸರ್ವೀಸಿಗೆ ಕೊಟ್ಟೆ, ಹೆಸರು ಬೇಡ, ವಯಸ್ಸಾದವರು, ಅವರಿಗೂ ಕೆಟ್ಟ ಉದ್ದೇಶ ಇರ್ಲಿಲ್ಲ. ವಾಪಸ್ ಬಂದಾಗ ಫಳಫಳ ಹೊಳೀತಿತ್ತು, ಖುಷಿಯಾಗಿ ನೂರು ರೂಪಾಯಿ ಜಾಸ್ತಿನೇ ಕೊಟ್ಟು ಬಂದೆ. ವಾರ ಬಿಟ್ಟು ನೋಡ್ತೀನಿ, ನಿಬ್ಬಿನ ಮೇಲಿನ ಕವಚದ ತುಂಬ ಜೇಡರ ಬಲೆ ಥರ ಗೆರೆ. ಒರೆಸಿದೆ, ಹೋಗ್ಲಿಲ್ಲ, ಒಳಗಿನ ಗೆರೆ ಹೇಗೆ ಹೋಗತ್ತೆ. ಏನು ಹಾಕಿ ಒರೆಸಿದ್ರಿ ಅಂತ ಕೇಳಿದ್ರೆ ಸ್ಪಿರಿಟ್ಟಮ್ಮ, ಎಲ್ಲಾ ಪೆನ್ನಿಗೂ ಅದೇ ಅಂದ್ರು. ಇನ್ನೂ ಬರೆಯತ್ತೆ ಪೆನ್ನು, ಆದ್ರೆ ಕೈಗೆ ತಗೊಂಡಾಗೆಲ್ಲ ಮೊದಲು ಆ ಗೆರೆನೇ ಕಣ್ಣಿಗೆ ಬೀಳೋದು.

ಅಡಿಕೆಸಿಪ್ಪೆ:

ಅಯ್ಯೋ ಮೇಡಂ. ಇದೇ ಗತಿ ನಂದೂ ಆಗ್ತಿತ್ತು.

ಅಪ್‌ಡೇಟ್: ಇವತ್ತಿಗೆ ನಾಲ್ಕನೇ ದಿನ. ಮೊದಲ ದಿನ ಲೋಟ ಗಾಢ ನೀಲಿ, ಎರಡನೇ ದಿನ ಇನ್ನೂ ಗಾಢ (ಇದು ಹೇಗೆ?), ಈಗ ತೆಳು ಆಗ್ತಾ ಇದೆ. ದೇವರ ಮನೆ ಕಿಟಕಿಯಲ್ಲಿ ಇಟ್ಟಿದ್ದೀನಿ, ಪಕ್ಕದ ಮನೆಯವರು ಬಂದೋರು ಅದೇನು ವ್ರತ ಅಂತ ಕೇಳಿದ್ರು. ಎರಡು ಪ್ರಶ್ನೆ. ಒಂದು, ಆ ಪೊರೆ ನಾನೇ ಬದಲಾಯಿಸ್ಬೋದಾ? ಎರಡು, ಹಲ್ಲಿನ ಗುರುತು ತೆಗೆಸ್ಬೋದಾ? ತಮ್ಮ ತೆಗೆಸು ಅಂತಾನೆ, ಅಮ್ಮ ಮುಟ್ಟಬೇಡ ಅಂತಾರೆ.

ಪೇಢಾನಗರಿ:

ಎಬೊನೈಟ್ ಇದ್ದಿದ್ರ ಹಲ್ಲಿನ ಗುರುತು ಹಗೂರ ಶಾಖ ಕೊಟ್ಟ್ರ ತಾನ ಉಬ್ಬಿ ಮ್ಯಾಲೆ ಬರತಿತ್ರಿ, ಅದಕ್ಕ ತನ್ನ ಹಳೇ ಆಕಾರದ ನೆನಪ ಇರತದ. ಅಕ್ರಿಲಿಕ್ಕಿಗೆ ಶಾಖ ಕೊಟ್ಟ್ರ ಸೊಟ್ಟ ಆಗತದ. ಉಜ್ಜಿ ತಗೀಬೇಕು, ಉಜ್ಜಿದ್ರ ತುದಿ ಸಣ್ಣ ಆಗತದ. ನಾ ಅಂತೂ ಬಿಡ್ರಿ ಅಂತೇನಿ. ಅಜ್ಜನ ಹಲ್ಲು ಎಲ್ಲಿ ಉಳದಾವ ಹೇಳ್ರಿ ಈಗ, ಅಲ್ಲೊಂದ ಕಡೆ ಉಳದಾವ.

ಮಸಿಕೈ:

ನನ್ನ ಓಟು ತಮ್ಮನ ಕಡೆಗೆ. ಎಲ್ಲಾ ಗುರುತನ್ನೂ ಪೂಜೆ ಮಾಡ್ತಾ ಕೂತ್ರೆ ಪೆನ್ನು ಮತ್ತೆ ಟ್ರಂಕಿಗೇ ಹೋಗತ್ತೆ. ಬೆರಳಿಗೆ ಚುಚ್ಚುವ ಅಂಚು ಇದ್ರೆ ಅಷ್ಟನ್ನ ನುಣುಪು ಮಾಡಿಸಿ, ತಪ್ಪಿಲ್ಲ.

ಶಾಯಿಬುಡ್ಡಿ:

ಹಲ್ಲಿನ ಜಗಳಕ್ಕೆ ನಾನು ಬರಲ್ಲ, ಮನೆಯವರು ಕೂತು ತೀರ್ಮಾನ ಮಾಡಿ. ಒಂದೇ ಮಾತು, ಉಜ್ಜುವಾಗ ಆ ಅಕ್ಷರದ ಹತ್ರ ಕೈ ಹೋಗ್ಬಾರ್ದು. ಆಗ್ಲೇ ಅರ್ಧ ಸವೆದಿದೆ, ಎರಡು ಸಲ ಉಜ್ಜಿದ್ರೆ 1946 ಮಾಯ. ಕ್ಯಾಪಿಗೂ ಬ್ರಾಸೋ ಹಾಕ್ಬೇಡಿ, ಅದು ಹುಟ್ಟಿದ್ದೇ ಮಂಕಾಗಿ, ಆ ಮಂಕೇ ಅದರ ಫಿನಿಶ್ಶು. ಹುಣಸೆಹಣ್ಣಿಗೆ ಸ್ಟೀಲು ಹೆದರಲ್ಲ, ಅಮ್ಮನಿಗೆ ಹೇಳಿ.

ಎರಡನೇ ದಿನ ಗಾಢ ಆಗಿದ್ದಕ್ಕೆ ಕಾರಣ ಇದೆ. ನಿಬ್ಬಿನ ಕವಚದೊಳಗೆ ಬಾಚಣಿಗೆ ಥರ ಹಲ್ಲು ಹಲ್ಲಾಗಿರೋ ಒಂದು ಭಾಗ ಇದೆ, ಕಲೆಕ್ಟರ್ ಅಂತಾರೆ. ನಾವು ಸಾದಾ ಪೆನ್ನಲ್ಲಿ ನಾಲಿಗೆ ಅಂತೀವಲ್ಲ, ಅದರ ಸುತ್ತ ಇರೋ ಗೋದಾಮು ಅನ್ಕೊಳ್ಳಿ. ಜಾಸ್ತಿ ಹರಿದ ಇಂಕನ್ನ ಆ ಹಲ್ಲುಗಳ ಸಂದಿ ಹಿಡಿದಿಟ್ಕೊಳ್ಳತ್ತೆ, ಅದಕ್ಕೇ ಈ ಪೆನ್ನು ಜೇಬಲ್ಲಿ ಕಕ್ಕೋದು ಕಮ್ಮಿ. ಮೊದಲ ದಿನ ಬಂದಿದ್ದು ನಿಬ್ಬಿನ ಇಂಕು, ಎರಡನೇ ದಿನ ಗೋದಾಮಿನ ಬಾಗಿಲು ತೆರೀತು.

ಪೊರೆ ನೀವೇ ಬದಲಾಯಿಸ್ಬೋದು, ಆದ್ರೆ ಮೊದಲ ಪ್ರಯೋಗ ಅಜ್ಜನ ಪೆನ್ನಿನ ಮೇಲೆ ಬೇಡ. ಹಿಂದಿನ ಯಂತ್ರ ಬಿಚ್ಚೋಕೆ ಅದರದ್ದೇ ಆದ ಸ್ಪ್ಯಾನರ್ ಬೇಕು, ಇಕ್ಕಳದಲ್ಲಿ ಹಿಡಿದ್ರೆ ಥ್ರೆಡ್ಡು ಹಾಳು. ಹೇರ್ ಡ್ರೈಯರಲ್ಲಿ ಬೆಚ್ಚಗೆ ಮಾಡಿ ಬಿಚ್ಚಬೇಕು, ಕಡ್ಡಿಯ ತುದಿಯ ಬಟ್ಟಲಲ್ಲಿ ಸಿಕ್ಕಿಕೊಂಡಿರೋ ಹಳೇ ರಬ್ಬರ್ ಗುಂಡನ್ನ ಸೂಜಿಯಲ್ಲಿ ಚೂರು ಚೂರಾಗಿ ಕೀಳಬೇಕು, ಬ್ಯಾರೆಲ್ ಒಳಗಿನ ಅಂಚಿಗೆ ಅಂಟಿದ ರಬ್ಬರು ಒಂದು ಕಣವೂ ಉಳೀದ ಹಾಗೆ ಕೆರೆದು ತೆಗೀಬೇಕು. ಹೊಸ ಪೊರೆಯ ಅಂಚು ಅಲ್ಲೇ ಕೂತು ಬಿಗಿಯಾಗೋದು, ಕಣ ಉಳಿದ್ರೆ ಅಲ್ಲಿಂದಲೇ ಸೋರತ್ತೆ. ನನ್ನ ಮೊದಲ ಮೂರೂ ಸೋರಿದ್ವು. ಪೊರೆ ಹೊರದೇಶದಿಂದ ತರಿಸ್ಬೇಕು, 51ಕ್ಕೆ ಅಂತಲೇ ಹೇಳಿ ತರಿಸಿ, ಬೇರೆ ವ್ಯಾಕ್ಯುಮ್ಯಾಟಿಕ್ ಪೆನ್ನಿನ ಸೈಜುಗಳು ಬೇರೆ. ನನ್ನ ಹತ್ರ ಎರಡು ಮಿಕ್ಕಿವೆ. ಬೆಂಗಳೂರಿಗೆ ಬಂದಾಗ ತನ್ನಿ, ಎದುರಿಗೇ ಕೂತು ಮಾಡೋಣ, ಕಾಫಿ ನಿಮ್ಮದು. ಮೆಸೇಜ್ ಮಾಡಿ.

ಅಡಿಕೆಸಿಪ್ಪೆ:

ಮೂರು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಹೋದ ಭಾನುವಾರ ಶಾಯಿಬುಡ್ಡಿಯವರ ಮನೇಲಿ ಕೂತಿದ್ವಿ. ಸ್ಪ್ಯಾನರ್ ಹಾಕಿ ತಿರುಗಿಸಿದ್ರು, ಬರ್ಲಿಲ್ಲ. ಡ್ರೈಯರ್ ಹಿಡಿದ್ರು, ಮತ್ತೆ ತಿರುಗಿಸಿದ್ರು, ಬರ್ಲಿಲ್ಲ. ಕಾಫಿ ಕುಡಿದ್ವಿ. ಹೀಗೆ ಐದು ಸಲ ಆಯ್ತು, ನಾನಾಗಿದ್ರೆ ಎರಡನೇ ಸಲಕ್ಕೇ ಜೋರು ಮಾಡಿ ಮುರಿದಿರ್ತಿದ್ದೆ, ಅವರು ಮಾತ್ರ ಬೇರೆ ಏನೋ ಮಾತಾಡ್ತಾ ಆಡ್ತಾನೇ ಬಿಚ್ಚಿಬಿಟ್ರು. ಹಳೇ ಪೊರೆ ಅನ್ನೋದು ಒಳಗೆ ಇರ್ಲೇ ಇಲ್ಲ, ಕರಗಿ ಜೋನಿ ಬೆಲ್ಲದ ಥರ ಬ್ಯಾರೆಲ್ಲಿಗೆ ಮೆತ್ತಿಕೊಂಡಿತ್ತು. ಅದನ್ನ ಕೆರೆಯೋ ಕೆಲಸ ನಂದು, ಎರಡು ಗಂಟೆ. ನಿಬ್ಬಿನ ಕವಚ ಕೂತಿರೋದು ಅರಗಿನ ಮೇಲಂತೆ, ನಮ್ಮ ಮನೇಲಿ ಪಾರ್ಸಲ್ಲಿಗೆ ಸೀಲ್ ಹಾಕ್ತಿದ್ರಲ್ಲ ಆ ಅರಗೇ ಅಂದ್ರು. ಕೈ ತಾಳುವಷ್ಟು ಬಿಸಿನೀರು ಸಾಕಾಯ್ತು ಅದಕ್ಕೆ. ಒಳಗೆ ಚಿನ್ನದ ನಿಬ್ಬು, 14 ಕ್ಯಾರೆಟ್, ಉದ್ದಕ್ಕೆ ಕೊಳವೆ ಥರ. ಇಷ್ಟು ಚಿನ್ನ ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟಿದ್ದಾರಲ್ಲ ಅಂತ ಅಮ್ಮನಿಗೆ ಆಶ್ಚರ್ಯ. ಗಾಳಿಗೆ ತೆರೆದಿಡದಿದ್ರೆ ಇಂಕು ಬೇಗ ಒಣಗಲ್ಲ ಅಂತ ಹಾಗೆ ಮಾಡಿದ್ದಂತೆ.

ಹೊಸ ಪೊರೆ ಹಾಕಿ, ನೀರಲ್ಲಿ ಮುಳುಗಿಸಿ ಹತ್ತು ಸಲ ಒತ್ತಿ, ರಾತ್ರಿಯಿಡೀ ಟಿಶ್ಯೂ ಪೇಪರ್ ಮೇಲೆ ನಿಲ್ಲಿಸಿದ್ರು. ಬೆಳಿಗ್ಗೆ ಹಿಂದಿನ ಟೋಪಿ ಒಳಗೆ ಒದ್ದೆ ಇರ್ಲಿಲ್ಲ, ಪಾಸು ಅಂದ್ರು.

ಹಲ್ಲಿನ ಗುರುತು ಹಾಗೇ ಇದೆ. ಅಮ್ಮ ಗೆದ್ರು.

ಈಗ ಇಂಕು ಯಾವ್ದು ಹಾಕ್ಲಿ?

ಪೇಢಾನಗರಿ:

ಛಲೋ ಆತ್ರಿ! ನನ್ನ ಹತ್ರ ಒಂದ ಹಳೇ ದೌತಿ ಐತಿ, ಚೀಟಿ ಮ್ಯಾಲೆ 51 ಪೆನ್ನಿಗೆ ಮಾತ್ರ ಹಾಕ್ರಿ, ಬ್ಯಾರೆದಕ್ಕ ಹಾಕಬ್ಯಾಡ್ರಿ ಅಂತ ಬರದದ. ಸೂಪರ್‌ಕ್ರೋಮ್ ಅಂತ ಹೆಸರು. ಇನ್ನೂ ಅರ್ಧ ಐತಿ, ಕೊರಿಯರ್ ಮಾಡ್ಲ್ಯಾ? ಅದರ ಜೋಡಿಗೆ ಅದ ಬರೋಬ್ಬರಿ.

ಶಾಯಿಬುಡ್ಡಿ:

ಸರ್!! ಬೇಡ!! ಆ ದೌತಿ ಶೋಕೇಸಲ್ಲಿ ಇಡಿ, ಪೆನ್ನಿಗೆ ಹಾಕ್ಬೇಡಿ. ಬೇಗ ಒಣಗಲಿ ಅಂತ ವಿಪರೀತ ಕ್ಷಾರ ಹಾಕಿ ಮಾಡಿದ ಇಂಕು ಅದು. ಲ್ಯೂಸೈಟ್ ತಡ್ಕೊಳ್ಳತ್ತೆ ಅಂತಲೇ ಈ ಪೆನ್ನಿಗೆ ಮಾತ್ರ ಅಂತ ಬರೆದಿದ್ದು, ಆದ್ರೆ ಒಳಗಿನ ರಬ್ಬರ್ ಪೊರೆ ತಡ್ಕೊಳ್ಲಿಲ್ಲ. ಕಂಪನಿಯವರೇ ಮಾಡಿದ ಇಂಕು ಕಂಪನಿಯ ಪೆನ್ನನ್ನೇ ತಿಂತು. ಎರಡು ಗಂಟೆ ಕೆರೆದಿದ್ದಾರೆ ಪಾಪ.

ಅಡಿಕೆಸಿಪ್ಪೆ ಅವ್ರೇ, ಕ್ಯಾಮ್ಲಿನ್ ರಾಯಲ್ ಬ್ಲೂ ಸಾಕು, ಇಲ್ಲಾ ಕ್ವಿಂಕ್. ಸಾದಾ ನೀಲಿ, ತೊಳೆದ್ರೆ ಹೋಗೋಂಥದ್ದು. ಚಿತ್ರ ಬರೆಯೋ ಇಂಡಿಯಾ ಇಂಕ್ ಕನಸಲ್ಲೂ ಬೇಡ, ಅದರಲ್ಲೂ ಅರಗೇ ಇರತ್ತೆ, ಒಣಗಿದ್ರೆ ಆ ಗೋದಾಮಿಗೆ ಪರ್ಮನೆಂಟ್ ಬೀಗ. ಮಿನುಗೋ ಪುಡಿ ಇರೋ ಇಂಕೂ ಬೇಡ. ತಿಂಗಳಿಗೊಂದ್ಸಲ ನೀರಲ್ಲಿ ತೊಳೀರಿ.

ಅಡಿಕೆಸಿಪ್ಪೆ:

ರಾಯಲ್ ಬ್ಲೂ ಹಾಕಿ ಊರಿಗೆ ತಗೊಂಡು ಹೋದೆ. ಅಮ್ಮನ ಕೈಗೆ ಕೊಟ್ಟೆ, ಏನಾದ್ರೂ ಬರೀ ಅಂದೆ, ಕ್ಯಾಮೆರಾ ಹಿಡ್ಕೊಂಡು ಕಾಯ್ತಾ ಇದ್ದೆ. ಕ್ಯಾಲೆಂಡರಿನ ಹಾಳೆ ಹಿಂದೆ ಉದ್ದಿನಬೇಳೆ 2 ಕೆಜಿ, ಜೀರಿಗೆ, ಊದುಬತ್ತಿ, ಬಟ್ಟೆ ಸೋಪು ಅಂತ ಬರೆದು, ಹೇಗಿದ್ರೂ ಪೇಟೆಗೆ ಹೋಗ್ತೀಯಲ್ಲ ಅಂತ ಕೈಗಿಟ್ರು. ಇಂಕು ಆ ಹಾಳೆ ಮೇಲೆ ಹರಡಿ ಜೀರಿಗೆ ಸಾಸಿವೆ ಥರ ಕಾಣ್ತಿದೆ, ಅಂಗಡಿಯವರು ಸಾಸಿವೆನೇ ಕೊಟ್ರು.

ಮಾವ ಬಂದು ನೋಡಿದ್ರು. ಎರಡು ಸಾಲು ಬರೆದು, ಹೀರೋನೂ ಹೀಗೇ ಬರೀತಿತ್ತು ಅಂದ್ರು.

ಕೊನೆಗೊಂದು ಪ್ರಶ್ನೆ, ಕ್ಯಾಪು ಸ್ವಲ್ಪ ಲೂಸು, ಜೇಬಿಂದ ತೆಗೆದ್ರೆ ಕ್ಯಾಪು ಮಾತ್ರ ಕೈಗೆ ಬರತ್ತೆ. ಇದಕ್ಕೇನಾದ್ರೂ ಇದೆಯಾ?

ಶಾಯಿಬುಡ್ಡಿ:

ಕ್ಯಾಪ್ ಒಳಗೆ ಸ್ಪ್ರಿಂಗಿನ ಬೆರಳುಗಳಿವೆ, ಮಧ್ಯದ ಆ ಉಂಗುರವನ್ನ ಅವು ಹಿಡ್ಕೊಳ್ಳೋದು. ಮೊದಲು ಉಂಗುರ ಒರೆಸಿ, ಕ್ಯಾಪ್ ಒಳಗೂ ಬಡ್ ಹಾಕಿ ಕ್ಲೀನ್ ಮಾಡಿ, ಎಷ್ಟೋ ಸಲ ಹುಣಸೆಹಣ್ಣಿನ ಜಿಗುಟೇ ಕಾರಣ ಆಗಿರತ್ತೆ :) ಆಗ್ಲಿಲ್ಲ ಅಂದ್ರೆ ಒಳಗೆ ಕೈ ಹಾಕಿ ಬಗ್ಗಿಸೋಕೆ ಹೋಗ್ಬೇಡಿ, ಮುಂದಿನ ಸಲ ಬಂದಾಗ ತನ್ನಿ.

ಕುಡ್ಲದಕಾಗೆ:

ನನ್ನ ಹೀರೋದ ಕ್ಯಾಪ್ ಇನ್ನೂ ಟೈಟ್ ಉಂಟು. ಸುಮ್ಮನೆ ಹೇಳಿದ್ದು.